ಭಿತ್ತಿಯೂ ಗ್ರಂಥವೂ: ಶಾಂತಿನಿಕೇತನದಲ್ಲಿ ಮಾನವಿಕ ವಿದ್ಯೆ ಮತ್ತು ಕಲಾಶಿಕ್ಷಣದ ಸಂಬಂಧ

1

ಭಾರತದ ಆಧುನಿಕ ವಿಶ್ವವಿದ್ಯಾನಿಲಯಗಳ ಚರಿತ್ರೆಯಲ್ಲಿ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಿಗೆ ಆರಂಭದಿಂದಲೂ ಪೀಠವುಂಟು. ಚಿತ್ರ, ಶಿಲ್ಪ, ಸಂಗೀತ, ನೃತ್ಯಗಳಾದರೋ ಬಹುಕಾಲ ಹೊಸ್ತಿಲಿನ ಹೊರಗೇ ಉಳಿದವು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಮೂಲತಃ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಗಳಾಗಿದ್ದವು. ಅದೇ ನಗರಗಳಲ್ಲಿ ಸರ್ಕಾರದ ಆಶ್ರಯದ ಕಲಾಶಾಲೆಗಳೂ ಇದ್ದವು. ಆದರೆ ಅವು ಕೈಗಾರಿಕೆಗೆ ನೆರವಾಗಬಲ್ಲ ನಕಾಸೆಗಾರರನ್ನೂ ಕುಶಲಕರ್ಮಿಗಳನ್ನೂ ತಯಾರಿಸುವ ಉದ್ದೇಶದಿಂದ ಹುಟ್ಟಿದವು. ಓದುವವರು ಒಂದು ಕಟ್ಟಡದಲ್ಲಿ, ಕೈಯಿಂದ ಮಾಡುವವರು ಮತ್ತೊಂದು ಕಟ್ಟಡದಲ್ಲಿ ಎಂಬ ಈ ವಿಂಗಡಣೆ ಕಾಲಕ್ರಮದಲ್ಲಿ ಸಹಜವೆಂಬಂತೆ ಬೇರೂರಿತು. ಗ್ರಂಥವನ್ನು ಅರಿತವನು ಬಣ್ಣವನ್ನು ಅರಿಯಬೇಕಿಲ್ಲ, ಬಣ್ಣವನ್ನು ಅರೆಯುವವನು ಗ್ರಂಥವನ್ನು ತೆರೆಯಬೇಕಿಲ್ಲ ಎಂಬ ನಂಬಿಕೆಗೆ ಅದು ಸಾಂಸ್ಥಿಕ ರೂಪವನ್ನು ಕೊಟ್ಟಿತು.

ಈ ವಿಂಗಡಣೆಗೆ ಎದುರಾಗಿ ನಿಂತ ಪ್ರಯೋಗಗಳಲ್ಲಿ ಬಂಗಾಳದ ಬೀರಭೂಮ್ ಜಿಲ್ಲೆಯ ಶಾಂತಿನಿಕೇತನದ್ದು ಮುಖ್ಯವಾದುದು. ರವೀಂದ್ರನಾಥ ಠಾಕೂರರು 1901ರ ಡಿಸೆಂಬರಿನಲ್ಲಿ ಐವರು ವಿದ್ಯಾರ್ಥಿಗಳೊಂದಿಗೆ ಆರಂಭಿಸಿದ ಶಾಲೆ, 1919ರಲ್ಲಿ ರೂಪುಗೊಂಡ ಕಲಾಭವನ, 1921ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ವಿಶ್ವಭಾರತಿ, 1922ರ ಶ್ರೀನಿಕೇತನ ಇವು ಒಂದೇ ವಿಚಾರದ ಬೇರೆ ಬೇರೆ ಘಟ್ಟಗಳು. ಇದನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಮರದ ನೆರಳಿನ ಪಾಠ, ಪ್ರಕೃತಿಯ ಸಾಮೀಪ್ಯ, ಕವಿಯ ಸಾನ್ನಿಧ್ಯ ಎಂಬ ಮೂರು ಕಾರಣಗಳು ಮುಂದಾಗುತ್ತವೆ. ಇವು ಸುಳ್ಳಲ್ಲವಾದರೂ ಸಾಲವು. ಮರದ ನೆರಳು ಬೇರೆ ಆಶ್ರಮಗಳಲ್ಲಿಯೂ ಇತ್ತು. ಆದರೆ ನಂದಲಾಲ ಬೋಸ್, ಬಿನೋದಬಿಹಾರಿ ಮುಖರ್ಜಿ, ರಾಮಕಿಂಕರ ಬೈಜ್ ಇವರ ಪರಂಪರೆ ಅಲ್ಲೆಲ್ಲ ಬೆಳೆಯಲಿಲ್ಲ. ಒಂದು ಸಣ್ಣ ವಿದ್ಯಾಕೇಂದ್ರದಲ್ಲಿ ಮಾನವಿಕ ಸಂಶೋಧನೆಯೂ ಕಲಾಸೃಷ್ಟಿಯೂ ಒಂದನ್ನೊಂದು ಹೇಗೆ ಪೋಷಿಸಿದವು, ಆ ಸಂಬಂಧದ ಮಿತಿಗಳಾವುವು, ಅದು ಸಡಿಲಗೊಂಡದ್ದು ಏಕೆ ಎಂಬುದನ್ನು ಕೆಲವು ನಿರ್ದಿಷ್ಟ ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2

ವಿಶ್ವಭಾರತಿಯ ಶಿಕ್ಷಣತತ್ತ್ವ ಒಮ್ಮೆಲೇ ಮೂಡಿದುದಲ್ಲ. 1892ರ ‘ಶಿಕ್ಷಾರ್ ಹೇರ್‌ಫೇರ್’ ಪ್ರಬಂಧದಲ್ಲಿ ರವೀಂದ್ರರು ಕಲಿಕೆಯ ಭಾಷೆಗೂ ಬದುಕಿನ ಭಾಷೆಗೂ ಉಂಟಾದ ಬಿರುಕನ್ನು ಚರ್ಚಿಸಿದ್ದರು. 1918ರ ‘ತೋತಾಕಾಹಿನಿ’ ಎಂಬ ಗಿಳಿಯ ಕಥೆಯಲ್ಲಿ ಪಂಜರ, ಪುಸ್ತಕ, ಮೇಲ್ವಿಚಾರಕರು ಎಲ್ಲವೂ ಸಮೃದ್ಧವಾಗಿದ್ದು ಕಲಿಯಬೇಕಾದ ಜೀವವೊಂದೇ ಇಲ್ಲವಾಗುತ್ತದೆ. ಈ ವಿಡಂಬನೆಯ ಮರುವರ್ಷವೇ, 1919ರ ದಕ್ಷಿಣ ಭಾರತ ಪ್ರವಾಸದ ಸಂದರ್ಭದಲ್ಲಿ, ಭಾರತೀಯ ಸಂಸ್ಕೃತಿಯ ಕೇಂದ್ರವನ್ನು ಕುರಿತ ತಮ್ಮ ಇಂಗ್ಲಿಷ್ ಉಪನ್ಯಾಸದಲ್ಲಿ ಅವರು ರಚನಾತ್ಮಕವಾದ ಯೋಜನೆಯನ್ನು ಮುಂದಿಟ್ಟರು. ವಿಶ್ವವಿದ್ಯಾನಿಲಯದಲ್ಲಿ ಸಂಗೀತ ಹಾಗೂ ಚಿತ್ರಕಲೆಗಳಿಗೆ ಗೌರವದ ಸ್ಥಾನವಿರಬೇಕು, ಅದು ಸುತ್ತಲಿನ ಹಳ್ಳಿಗಳ ಆರ್ಥಿಕ ಜೀವನದೊಡನೆ ಸಹಕಾರದ ಸಂಬಂಧ ಹೊಂದಿರಬೇಕು ಎಂಬುದು ಅದರ ಸಾರ. ಕಲೆಯನ್ನು ಇಲ್ಲಿ ಬಿಡುವಿನ ವೇಳೆಯ ಅಲಂಕಾರವಾಗಿ ಪರಿಗಣಿಸಿಲ್ಲ. ಜನಾಂಗವೊಂದು ತನ್ನನ್ನು ತಾನು ಅರಿಯುವ ಸಾಧನಗಳಲ್ಲಿ ಅದೂ ಒಂದು ಎಂಬ ನಿಲುವಿದೆ. ಹಾಗೆ ನೋಡಿದರೆ ಕಲೆ ಮಾನವಿಕ ವಿದ್ಯೆಯ ನೆರೆಮನೆಯಲ್ಲಿರದೆ ಅದರ ಒಳಮನೆಯಲ್ಲಿಯೇ ಇರಬೇಕಾಗುತ್ತದೆ.

ಈ ಪ್ರಯೋಗಕ್ಕೆ ಕನ್ನಡನಾಡಿನೊಂದಿಗೆ ಇರುವ ಸಂಬಂಧ ಗಮನಾರ್ಹವಾದುದು. 1921ರ ಡಿಸೆಂಬರಿನಲ್ಲಿ ನಡೆದ ವಿಶ್ವಭಾರತಿಯ ಉದ್ಘಾಟನಾ ಸಭೆಯ ಅಧ್ಯಕ್ಷತೆ ವಹಿಸಿದ್ದವರು ಆಚಾರ್ಯ ಬ್ರಜೇಂದ್ರನಾಥ ಸೀಲ್. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ 1930ರವರೆಗೆ ಸೇವೆ ಸಲ್ಲಿಸಿದವರೂ ಅವರೇ. ಅವರ ಅವಧಿಯಲ್ಲಿ, 1927ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, ಕುವೆಂಪು ಅದರ ಮೊದಲ ತಂಡದ ವಿದ್ಯಾರ್ಥಿಯಾಗಿದ್ದರು. 1928ರಲ್ಲಿ ರವೀಂದ್ರರು ‘ಶೇಷೇರ್ ಕವಿತಾ’ ಕಾದಂಬರಿಯನ್ನು ಮುಗಿಸಿದ್ದು ಬೆಂಗಳೂರಿನಲ್ಲಿ. ದೇಶಭಾಷೆಯನ್ನು ಉನ್ನತ ವ್ಯಾಸಂಗದ ವಿಷಯವನ್ನಾಗಿಸುವ ಹಂಬಲ ಎರಡೂ ಕಡೆ ಸಮಾನವಾಗಿತ್ತು. ಆದರೆ ಚಿತ್ರ, ಶಿಲ್ಪಗಳನ್ನು ಆ ಭಾಷಾಧ್ಯಯನದ ಪಕ್ಕದಲ್ಲಿಯೇ ಕೂರಿಸುವ ಸಾಹಸ ಮೈಸೂರಿನಲ್ಲಿ ನಡೆಯಲಿಲ್ಲ. ಪರಿಣಾಮವನ್ನು ಒಂದು ಹೋಲಿಕೆಯಿಂದ ಮನಗಾಣಬಹುದು. ಮೈಸೂರಿನ ಕೆ. ವೆಂಕಟಪ್ಪನವರೂ ನಂದಲಾಲ ಬೋಸರೂ ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಸಹಪಾಠಿಗಳು. ನಂದಲಾಲರಿಗೆ ಶಾಂತಿನಿಕೇತನ ದೊರೆಯಿತು; 1922ರಿಂದ 1951ರವರೆಗೆ ಅವರು ಕಲಾಭವನವನ್ನು ನಡೆಸಿದರು, ಶಿಷ್ಯರ ತಲೆಮಾರುಗಳನ್ನು ಬೆಳೆಸಿದರು. ವೆಂಕಟಪ್ಪನವರು ಅರಮನೆಯ ಆಶ್ರಯದಲ್ಲಿ, ಬಳಿಕ ಏಕಾಂತದಲ್ಲಿ, ಚಿತ್ರ ಹಾಗೂ ವೀಣೆಗಳ ಕಠಿಣ ಸಾಧನೆಯನ್ನು ಮುಂದುವರಿಸಿದರು. ಅವರ ಉದಕಮಂಡಲದ ನಿಸರ್ಗಚಿತ್ರಗಳ ಸೂಕ್ಷ್ಮತೆ ಯಾರಿಗೂ ಕಡಿಮೆಯದಲ್ಲ. ಆದರೆ ಆ ಸೂಕ್ಷ್ಮತೆಯನ್ನು ಪಡೆದು ಮುಂದೊಯ್ಯುವ ಶಿಷ್ಯಪರಂಪರೆ ರೂಪುಗೊಳ್ಳಲಿಲ್ಲ. ಇಬ್ಬರ ಸ್ವಭಾವಗಳ ಅಂತರವನ್ನು ಒಪ್ಪಿದ ಮೇಲೂ, ಕಲಾವಿದನ ಸುತ್ತ ಒಂದು ವಿದ್ವತ್ ಸಮುದಾಯ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ.

3

ಆ ಸಮುದಾಯದ ಬಲ ಅದರ ಚಿಕ್ಕ ಗಾತ್ರದಲ್ಲಿತ್ತು. 1921ರಲ್ಲಿ ಫ್ರೆಂಚ್ ಪ್ರಾಚ್ಯವಿದ್ಯಾ ಪಂಡಿತ ಸಿಲ್ವ್ಯಾಂ ಲೆವಿ ಬಂದರು. ಅದರ ಹಿಂದೆಯೇ ಸ್ಟೆಲ್ಲಾ ಕ್ರಾಮ್ರಿಶ್ ಬಂದು ಐರೋಪ್ಯ ಕಲೆಯ ಇತಿಹಾಸವನ್ನು ಬೋಧಿಸಿದರು. 1937ರಲ್ಲಿ ತಾನ್ ಯುನ್‌ಶಾನ್ ಅವರ ಶ್ರಮದಿಂದ ಚೀನಾಭವನವೂ 1939ರಲ್ಲಿ ಹಿಂದಿಭವನವೂ ತೆರೆದವು. ದೊಡ್ಡ ವಿಶ್ವವಿದ್ಯಾನಿಲಯವೊಂದರಲ್ಲಿ ಇಂಥ ವಿಭಾಗಗಳು ತಮ್ಮ ತಮ್ಮ ಆವರಣಗಳಲ್ಲಿ ಉಳಿದುಬಿಡುವ ಸಂಭವವೇ ಹೆಚ್ಚು. ಇಲ್ಲಿ ಪಂಡಿತನೂ ಚಿತ್ರಕಾರನೂ ಒಂದೇ ದಾರಿಯಲ್ಲಿ ನಡೆಯುವವರು, ಒಂದೇ ಉತ್ಸವಕ್ಕೆ ದುಡಿಯುವವರು. ನಾಟಕವಾದರೆ ರಂಗಸಜ್ಜಿಕೆ, ವೃಕ್ಷಾರೋಪಣವಾದರೆ ಅಲ್ಪನಾ, ಮಕ್ಕಳ ವಾಚನ ಪುಸ್ತಕವಾದರೆ ಚಿತ್ರ ಹೀಗೆ ಕಲಾಭವನಕ್ಕೆ ಸಮುದಾಯದಿಂದ ಕೆಲಸ ಬರುತ್ತಲೇ ಇತ್ತು. 1930ರಲ್ಲಿ ಪ್ರಕಟವಾದ ‘ಸಹಜ ಪಾಠ’ಕ್ಕೆ ನಂದಲಾಲರು ರಚಿಸಿದ ಕಪ್ಪುಬಿಳುಪಿನ ಚಿತ್ರಗಳು ಅಕ್ಷರ ಕಲಿಯುವ ಮಗುವಿಗೂ ಆಧುನಿಕ ಮುದ್ರಣಕಲೆಗೂ ಏಕಕಾಲದಲ್ಲಿ ಸಲ್ಲುತ್ತವೆ. 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನಕ್ಕಾಗಿ ಬರೆದ ಫಲಕಗಳಲ್ಲಿ ಹಳ್ಳಿಯ ದುಡಿಮೆಯೇ ವಸ್ತು. ದಾರಿಹೋಕ ರೈತನೂ ನೋಡಿ ಗುರುತಿಸಬಲ್ಲ ಸರಳ ರೇಖೆಯೇ ಶೈಲಿ. ಕಲಾಕೃತಿಗೆ ಇಲ್ಲಿ ಮೊದಲ ಪ್ರೇಕ್ಷಕರು ಸಂಗ್ರಾಹಕರಲ್ಲ, ನೆರೆಹೊರೆಯವರು.

ಬೋಧಕರ ಆಯ್ಕೆಯಲ್ಲಿಯೂ ಇದೇ ಸ್ವಾತಂತ್ರ್ಯವಿತ್ತು. ಭಿತ್ತಿಚಿತ್ರದ ದೇಶೀಯ ವಿಧಾನವನ್ನು ಕಲಿಸಲು ಜಯಪುರದ ಕುಶಲಕರ್ಮಿಯನ್ನು ಕರೆಸಲಾಯಿತು. ಗಾರೆಯನ್ನು ಹದಗೊಳಿಸುವ, ಒದ್ದೆಯಿರುವಾಗಲೇ ಬಣ್ಣವನ್ನು ಹಿಡಿಸುವ ವಿದ್ಯೆ ಅಂಥವರ ಕೈಯಲ್ಲಿತ್ತು. ಸಂಸ್ಕೃತ ಪಂಡಿತನಿಗೆ ಸಲ್ಲುವ ಗುರುಸ್ಥಾನ ಗಾರೆ ಕೆಲಸದವನಿಗೂ ಸಲ್ಲುವುದಾದರೆ ಮಾತ್ರ ಗ್ರಂಥ ಹಾಗೂ ಕೈಗಳ ನಡುವಣ ಭೇದ ನಿಜವಾಗಿ ಅಳಿಯುತ್ತದೆ. ವಿಶ್ವಭಾರತಿ ಆ ಭೇದವನ್ನು ಪೂರ್ಣವಾಗಿ ಅಳಿಸಿತೆನ್ನಲಾಗದು. ಅದನ್ನು ಪ್ರಶ್ನಿಸಿದ್ದಂತೂ ನಿಜ.

4

ಮಾನವಿಕ ಸಂಶೋಧನೆ ಕಲೆಯಾಗಿ ಪರಿಣಮಿಸಿದ ಅತ್ಯುತ್ತಮ ನಿದರ್ಶನ ಹಿಂದಿಭವನದ ಗೋಡೆಗಳ ಮೇಲಿದೆ. 1946–47ರಲ್ಲಿ ಬಿನೋದಬಿಹಾರಿ ಮುಖರ್ಜಿ ಅಲ್ಲಿ ರಚಿಸಿದ ಮಧ್ಯಯುಗದ ಸಂತರ ಭಿತ್ತಿಚಿತ್ರಕ್ಕೆ ಒಂದು ವಿದ್ವತ್ ಪೂರ್ವಚರಿತ್ರೆಯಿದೆ. ಕ್ಷಿತಿಮೋಹನ ಸೇನರು ಕಬೀರ್, ದಾದೂ ಮೊದಲಾದವರ ವಾಣಿಗಳನ್ನು ಸಾಧುಗಳ ಬಾಯಿಂದಲೇ ಸಂಗ್ರಹಿಸಿದ್ದರು. ರವೀಂದ್ರರ ಕಬೀರ್ ಅನುವಾದಗಳಿಗೆ ಅದೇ ಆಧಾರ. ಹಿಂದಿಭವನದಲ್ಲಿದ್ದ ಹಜಾರಿಪ್ರಸಾದ ದ್ವಿವೇದಿಯವರ ‘ಕಬೀರ್’ ಗ್ರಂಥ 1942ರಲ್ಲಿ ಹೊರಬಂದು ಹಿಂದಿ ವಿಮರ್ಶೆಯ ದಿಕ್ಕನ್ನೇ ಬದಲಿಸಿತು. ಅಂದರೆ ಚಿತ್ರಕಾರನು ಕುಂಚ ಹಿಡಿಯುವ ಹೊತ್ತಿಗೆ ಆ ವಸ್ತು ಅದೇ ಆವರಣದಲ್ಲಿ ದಶಕಗಳ ಕಾಲ ಸಂಗ್ರಹಗೊಂಡು, ಚರ್ಚೆಗೊಂಡು, ಗ್ರಂಥರೂಪಕ್ಕೆ ಬಂದಿತ್ತು.

ಹಾಗೆಂದು ಆ ಭಿತ್ತಿಯನ್ನು ಗ್ರಂಥದ ಸಚಿತ್ರ ಆವೃತ್ತಿಯೆಂದು ಭಾವಿಸುವುದು ತಪ್ಪಾಗುತ್ತದೆ. ಮೇಲುಕೋಟೆಯೊಂದಿಗೆ ಹೆಸರು ಬೆಸೆದುಕೊಂಡ ರಾಮಾನುಜರು, ಕಬೀರ್, ಸೂರದಾಸ, ತುಲಸೀದಾಸ, ಗುರು ಗೋವಿಂದಸಿಂಗ್ ಇವರೆಲ್ಲ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಆದರೆ ಒಬ್ಬೊಬ್ಬರನ್ನೂ ಚೌಕಟ್ಟಿನೊಳಗೆ ಕೂರಿಸಿ ಪೂಜ್ಯಭಾವದಿಂದ ತೋರಿಸುವ ಕ್ರಮ ಇಲ್ಲಿಲ್ಲ. ಮೂರು ಗೋಡೆಗಳುದ್ದಕ್ಕೂ ಜನ ನಡೆಯುತ್ತಾರೆ, ನೆರೆಯುತ್ತಾರೆ, ದುಡಿಯುತ್ತಾರೆ. ಸಂತರು ಆ ಪ್ರವಾಹದೊಳಗಿನಿಂದಲೇ ಮೇಲೆದ್ದು ಮತ್ತೆ ಅದರಲ್ಲೇ ಸೇರುತ್ತಾರೆ. ಗ್ರಂಥವು ಒಬ್ಬ ಸಂತನ ನಂತರ ಮತ್ತೊಬ್ಬನನ್ನು ಅಧ್ಯಾಯಗಳಾಗಿ ವಿಂಗಡಿಸಿ ಹೇಳಬೇಕಾಗುತ್ತದೆ. ಭಿತ್ತಿ ಅವರನ್ನು ಒಂದೇ ನೋಟದಲ್ಲಿ, ಅವರನ್ನು ಹೆತ್ತ ಬೀದಿಯೊಂದಿಗೆ ತೋರಿಸಬಲ್ಲದು. ಭಕ್ತಿಯು ಕೆಲವು ಮಹಾಪುರುಷರ ಅನುಭಾವ ಮಾತ್ರವೋ, ಕುಶಲಕರ್ಮಿಗಳು ಹಾಗೂ ಶ್ರಮಜೀವಿಗಳ ನಡುವೆ ಹಬ್ಬಿದ ಒಂದು ಸಾಮಾಜಿಕ ಚಲನೆಯೋ ಎಂಬ ಇತಿಹಾಸಕಾರರ ಪ್ರಶ್ನೆಗೆ ಬಿನೋದಬಿಹಾರಿ ರಚನೆಯ ಮೂಲಕವೇ ಉತ್ತರಿಸಿದ್ದಾರೆ. ಈ ಉತ್ತರ ಯಾವ ಗ್ರಂಥದಿಂದಲೂ ಎರವಲು ತಂದುದಲ್ಲ. ಅದು ಸ್ವತಂತ್ರವಾದ ವಿಮರ್ಶೆ. ಕನ್ನಡದ ಓದುಗರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಕಜೀವಿಗಳ ವಚನ ಚಳವಳಿಯನ್ನು ಕುರಿತ ಚರ್ಚೆಯಲ್ಲಿಯೂ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

ರಚನೆಯ ಕಾಲವನ್ನೂ ಮರೆಯುವಂತಿಲ್ಲ. 1946ರ ಆಗಸ್ಟಿನ ಕಲ್ಕತ್ತದ ಹತ್ಯಾಕಾಂಡ, ಅದರ ಬೆನ್ನಿಗೆ ನೌಖಾಲಿ, ಬಿಹಾರಗಳ ಗಲಭೆಗಳು, ಮರುವರ್ಷ ದೇಶವಿಭಜನೆ. ಮತದ ಹೆಸರಿನಲ್ಲಿ ಬಂಗಾಳ ಸೀಳಿಹೋಗುತ್ತಿದ್ದಾಗ ಹಿಂದೂ ಮುಸ್ಲಿಂ ಎಂಬ ಗೆರೆಯನ್ನು ನೇಯ್ಗೆಯವನೊಬ್ಬನ ಮಗ್ಗದ ಮುಂದೆ ಅಳಿಸುವ ಚಿತ್ರವೊಂದು ನೂರೈವತ್ತು ಕಿಲೋಮೀಟರುಗಳಷ್ಟು ದೂರದಲ್ಲಿ ಮೂಡುತ್ತಿತ್ತು. ಅದು ಘೋಷಣೆಯನ್ನು ಕೂಗುವುದಿಲ್ಲ, ಗಲಭೆಯನ್ನು ಚಿತ್ರಿಸುವುದೂ ಇಲ್ಲ. ಆದರೂ ಆ ದಿನಗಳಲ್ಲಿ ಮಾನವಿಕ ವಿದ್ಯೆ ಏನನ್ನು ಮಾಡಬಹುದಿತ್ತು ಎಂಬುದಕ್ಕೆ ಅದೊಂದು ಗಂಭೀರ ಸಾಕ್ಷ್ಯವಾಗಿ ಉಳಿದಿದೆ.

ಇದನ್ನು ರಚಿಸಿದವರ ದೃಷ್ಟಿಯ ಸ್ಥಿತಿ ಈ ಚರ್ಚೆಗೆ ಅಪ್ರಸ್ತುತವಲ್ಲ. 1904ರಲ್ಲಿ ಜನಿಸಿದ ಬಿನೋದಬಿಹಾರಿಗೆ ಹುಟ್ಟಿನಿಂದ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರಲ್ಲಿ ತೀವ್ರವಾದ ಸಮೀಪದೃಷ್ಟಿ. ಕ್ರಮಬದ್ಧ ಶಾಲಾಶಿಕ್ಷಣ ದಕ್ಕದ ಆ ಹುಡುಗ 1917ರಲ್ಲಿ ಶಾಂತಿನಿಕೇತನ ಸೇರಿದ. 1919ರಲ್ಲಿ ಕಲಾಭವನದ ಮೊದಲ ವಿದ್ಯಾರ್ಥಿಗಳಲ್ಲೊಬ್ಬನಾದ. ಒದ್ದೆ ಗಾರೆಯ ಮೇಲೆ ಬರೆದುದನ್ನು ತಿದ್ದಲಾಗದು. ಆಯಾ ದಿನದ ಗಾರೆ ಆರುವ ಮೊದಲೇ ಆಯಾ ಭಾಗ ಮುಗಿಯಬೇಕು. ಇಷ್ಟು ವಿಶಾಲವಾದ ಗೋಡೆಯನ್ನು ಪೂರ್ಣಪ್ರಮಾಣದ ಪೂರ್ವರೇಖನವಿಲ್ಲದೆ, ಚಿಕ್ಕ ಕರಡುಗಳ ನೆರವಿನಿಂದ, ಅಂಥ ಕಣ್ಣುಗಳುಳ್ಳವರು ಬರೆದರು. ಕೆ.ಜಿ. ಸುಬ್ರಮಣ್ಯನ್ ಅವರಂಥ ವಿದ್ಯಾರ್ಥಿಗಳು ಸಹಾಯಕರಾಗಿದ್ದು ಕೆಲಸದ ಮೂಲಕವೇ ಕಲಿತರು. ಮುಂದೆ ಶಸ್ತ್ರಚಿಕಿತ್ಸೆಯ ನಂತರ ಬಿನೋದಬಿಹಾರಿಯವರ ದೃಷ್ಟಿ ಪೂರ್ಣವಾಗಿ ನಷ್ಟವಾಯಿತು. ಬಳಿಕವೂ ಅವರು ಕಲಾಭವನದಲ್ಲಿ ಬೋಧಿಸಿದರು, ಬರೆದರು, ಕಾಗದ ಕತ್ತರಿಸಿ ಕೃತಿಗಳನ್ನು ರಚಿಸಿದರು. 1940ರಲ್ಲಿ ಕಲಾಭವನ ಸೇರಿ 1942ರಲ್ಲಿ ವ್ಯಾಸಂಗ ಪೂರೈಸದೆಯೇ ಹೊರಟುಹೋದ ಸತ್ಯಜಿತ್ ರಾಯ್, 1972ರಲ್ಲಿ ತಮ್ಮ ಈ ಗುರುವನ್ನು ಕುರಿತು ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರವನ್ನು ನಿರ್ಮಿಸಿದರು. ಗುರು ಅರ್ಹತೆಯ ನಿಯಮಗಳಲ್ಲಿ ಉತ್ತೀರ್ಣನಾಗುತ್ತಿರಲಿಲ್ಲ, ಶಿಷ್ಯ ಪ್ರಮಾಣಪತ್ರ ಪಡೆಯಲಿಲ್ಲ. ವಿದ್ಯೆಯಂತೂ ಸಂಭವಿಸಿತು.

5

ಈ ಸಾಧನೆಯ ವಿಮರ್ಶೆ ಅದರ ಕೊರತೆಗಳನ್ನೂ ಒಳಗೊಳ್ಳಬೇಕಾಗುತ್ತದೆ. ರಾಮಕಿಂಕರರ ‘ಸಂತಾಲ ಕುಟುಂಬ’ (1938) ಇದಕ್ಕೆ ಒಳ್ಳೆಯ ಪ್ರವೇಶದ್ವಾರ. ಬಾಂಕುರಾದ ಬಡ ಕುಟುಂಬದಿಂದ 1925ರಲ್ಲಿ ಶಾಂತಿನಿಕೇತನಕ್ಕೆ ಬಂದ ರಾಮಕಿಂಕರರು ಕಂಚಿನ ಬದಲು ಸಿಮೆಂಟನ್ನೂ ಆ ನೆಲದ ಮುರಕಲ್ಲಿನ ಹರಳನ್ನೂ ಬಳಸಿ, ಸಾಮಾನುಗಳೊಂದಿಗೆ ಗುಳೆ ಹೊರಟ ಕುಟುಂಬವೊಂದನ್ನು ಮಾನವಾಕಾರಕ್ಕಿಂತ ದೊಡ್ಡದಾಗಿ ಬಯಲಿನಲ್ಲಿ ನಿಲ್ಲಿಸಿದರು. ರಾಜರಿಗೂ ಅಧಿಕಾರಿಗಳಿಗೂ ಮೀಸಲಾಗಿದ್ದ ಸ್ಮಾರಕಶಿಲ್ಪದ ಗಾತ್ರವನ್ನು ಕೂಲಿಯ ಕುಟುಂಬಕ್ಕೆ ಕೊಟ್ಟದ್ದು ಭಾರತೀಯ ಶಿಲ್ಪದಲ್ಲಿ ಮಹತ್ತರವಾದ ತಿರುವು. 1956ರ ‘ಮಿಲ್ ಕಾಲ್’ ಇದರ ಮುಂದುವರಿಕೆ: ಗದ್ದೆಯ ಜನ ಈಗ ಗಿರಣಿಯ ಕೂಗಿಗೆ ಓಡುತ್ತಿದ್ದಾರೆ. ಆದರೆ ಈ ಶಿಲ್ಪಗಳೇ ಒಂದು ಪ್ರಶ್ನೆಯನ್ನೂ ಎತ್ತುತ್ತವೆ. ಸುತ್ತಲಿನ ಸಂತಾಲರು ಕಲೆಗೆ ವಸ್ತುವಾದಷ್ಟು ಸುಲಭವಾಗಿ ತರಗತಿಗೆ ವಿದ್ಯಾರ್ಥಿಗಳಾದರೆ? ಲೆನಾರ್ಡ್ ಎಲ್ಮ್‌ಹರ್ಸ್ಟ್ ಅವರ ನೆರವಿನಿಂದ ಸುರೂಲ್ ಗ್ರಾಮದಲ್ಲಿ ಆರಂಭವಾದ ಶ್ರೀನಿಕೇತನ ಕೃಷಿ, ಆರೋಗ್ಯ, ಕೈಕಸುಬುಗಳ ಮೂಲಕ ಹಳ್ಳಿಯನ್ನು ತಲುಪಲು ಯತ್ನಿಸಿತು. ಆದರೂ ಗ್ರಾಮದ ಮಗುವಿಗೆ ಕಸುಬು, ಭದ್ರಲೋಕದ ಮಗುವಿಗೆ ಕಲೆ ಎಂಬ ಹಳೆಯ ವಿಂಗಡಣೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಬೇರೊಂದು ರೂಪದಲ್ಲಿ ಮರಳುವ ಅಪಾಯ ಇದ್ದೇ ಇತ್ತು. ರಾಮಕಿಂಕರರ ಬದುಕು ಆ ವಿಂಗಡಣೆಯನ್ನು ಮೀರಿದ್ದು ಅಪವಾದವಾಗಿಯೇ ಹೊರತು ನಿಯಮವಾಗಿ ಅಲ್ಲ.

ಎರಡನೆಯ ಕೊರತೆ ಆರ್ಥಿಕವಾದುದು. ಪದವಿಯ ಬಂಧನವಿಲ್ಲದ ಕಲಿಕೆ ಪದವಿಯ ಆಸರೆಯಿಲ್ಲದ ಕಲಿಕೆಯೂ ಆಗಿತ್ತು. ಉದ್ಯೋಗ ಬೇಕಾದ ವಿದ್ಯಾರ್ಥಿಗಳು ಕಲ್ಕತ್ತ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರಬೇಕಿತ್ತು. ಸಂಸ್ಥೆಯ ಖರ್ಚಿಗಾಗಿ ರವೀಂದ್ರರು ವೃದ್ಧಾಪ್ಯದಲ್ಲಿಯೂ ನೃತ್ಯನಾಟಕದ ತಂಡದೊಂದಿಗೆ ಊರೂರು ತಿರುಗಿದರು. 1936ರಲ್ಲಿ ಗಾಂಧೀಜಿ 60,000 ರೂಪಾಯಿಗಳನ್ನು ಒದಗಿಸಿ ಎಪ್ಪತ್ತನಾಲ್ಕರ ಕವಿಗೆ ಆ ಅಲೆದಾಟವನ್ನು ನಿಲ್ಲಿಸುವಂತೆ ಮಾಡಬೇಕಾಯಿತು. ವ್ಯಕ್ತಿಯೊಬ್ಬರ ವರ್ಚಸ್ಸನ್ನು ಅವಲಂಬಿಸಿದ ಸಂಸ್ಥೆ ಆ ವ್ಯಕ್ತಿಯ ನಂತರ ಹೇಗೆ ಬಾಳೀತು ಎಂಬ ಆತಂಕದಿಂದಲೇ 1940ರಲ್ಲಿ ಅವರು ವಿಶ್ವಭಾರತಿಯ ರಕ್ಷಣೆಯನ್ನು ಗಾಂಧೀಜಿಯವರಿಗೆ ಪತ್ರಮುಖೇನ ಒಪ್ಪಿಸಿದರು. 1951ರ ಕಾಯಿದೆ ಅದನ್ನು ಕೇಂದ್ರೀಯ ವಿಶ್ವವಿದ್ಯಾನಿಲಯವನ್ನಾಗಿ ಮಾಡಿತು.

ಈ ಪರಿವರ್ತನೆಯನ್ನು ಕೇವಲ ಪತನವೆಂದು ವರ್ಣಿಸುವುದು ಸುಲಭ. ಹೊರಗಿನ ಉದಾಹರಣೆಗಳು ಅದಕ್ಕೆ ಅಡ್ಡಬರುತ್ತವೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ 1933ರಲ್ಲಿ ಸ್ಥಾಪಿತವಾದ ಬ್ಲ್ಯಾಕ್ ಮೌಂಟನ್ ಕಾಲೇಜು ಉದಾರ ಶಿಕ್ಷಣದ ನಡುವೆ ಕಲೆಯನ್ನು ಇರಿಸಿತ್ತು. ಜರ್ಮನಿಯ ಬೌಹೌಸ್ ಮುಚ್ಚಿದಾಗ ಅಲ್ಲಿಂದ ಬಂದ ಜೋಸೆಫ್ ಆಲ್ಬರ್ಸ್ 1949ರವರೆಗೆ ಬೋಧಿಸಿದರು. ಹಣವಿಲ್ಲದೆ 1957ರಲ್ಲಿ ಅದು ಮುಚ್ಚಿತು. ಎಲ್ಮ್‌ಹರ್ಸ್ಟ್ ದಂಪತಿಗಳು 1925ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಕೊಂಡ ಡಾರ್ಟಿಂಗ್ಟನ್ ಹಾಲ್, ಶ್ರೀನಿಕೇತನದ ಅನುಭವದಿಂದಲೇ ಪ್ರೇರಿತವಾದುದು. ಅಲ್ಲಿ 1961ರಲ್ಲಿ ಆರಂಭಗೊಂಡ ಕಲಾಕಾಲೇಜು 2008ರಲ್ಲಿ ಫಾಲ್ಮತ್‌ನ ಸಂಸ್ಥೆಯೊಂದಿಗೆ ವಿಲೀನವಾಗಿ 2010ರಲ್ಲಿ ಆ ನೆಲವನ್ನೇ ತೊರೆಯಿತು. ಮೂರು ಸೋದರ ಸಂಸ್ಥೆಗಳಲ್ಲಿ ಇಂದಿಗೂ ತನ್ನ ಮೂಲ ಆವರಣದಲ್ಲಿ ಪಾಠ ನಡೆಸುತ್ತಿರುವುದು ಶಾಂತಿನಿಕೇತನವೊಂದೇ. ಪ್ರಭುತ್ವದ ಆಶ್ರಯ ಅದನ್ನು ಉಳಿಸಿದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕಾಗುತ್ತದೆ.

ಉಳಿವಿಗೆ ತೆತ್ತ ಬೆಲೆಯೂ ಸ್ಪಷ್ಟವಾಗಿದೆ. ಪಠ್ಯಕ್ರಮ, ಪರೀಕ್ಷೆ, ದರ್ಜೆ, ಬೋಧನಾವಧಿಗಳ ಚೌಕಟ್ಟಿನಲ್ಲಿ ವಿಭಾಗಗಳು ಬೇರೆ ಬೇರೆ ಘಟಕಗಳಾಗುತ್ತವೆ. ಸಾಧಕ ಕಲಾವಿದರನ್ನು ಬೋಧಕರನ್ನಾಗಿ ನೇಮಿಸಲು ನಿಯಮಗಳಲ್ಲಿ ಅವಕಾಶವಿದ್ದರೂ, ಕಬೀರನನ್ನು ಸಂಶೋಧಿಸುವವನ ಗೋಡೆಯ ಮೇಲೆ ಕಬೀರನನ್ನು ಬರೆಯುವವನಿಗೆ ವರ್ಷಗಟ್ಟಲೆ ಬಿಡುವು ಕೊಡುವ ಅಂಕಣ ಯಾವ ನಮೂನೆಯಲ್ಲಿಯೂ ಇರುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಶಾಂತಿನಿಕೇತನವನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ಗೋಡೆಗಳಿಗೂ ಶಿಲ್ಪಗಳಿಗೂ ದೊರೆತ ಈ ಮನ್ನಣೆ ಯೋಗ್ಯವಾದುದೇ. ಆದರೆ ಸಂರಕ್ಷಿಸಬೇಕಾದ ಪರಂಪರೆಯಲ್ಲಿ ಆ ಗೋಡೆಗಳನ್ನು ಸಾಧ್ಯವಾಗಿಸಿದ ಸಂಬಂಧವೂ ಸೇರುತ್ತದೆ.

6

ಆ ಸಂಬಂಧ ಹೊಸ ನೆಲದಲ್ಲಿ ಚಿಗುರಬಲ್ಲದೆಂಬುದಕ್ಕೆ ಬರೋಡ ಸಾಕ್ಷಿ. 1950ರಲ್ಲಿ ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ತೆರೆದ ಲಲಿತಕಲಾ ನಿಕಾಯಕ್ಕೆ ಶಾಂತಿನಿಕೇತನದ ಶಂಖೊ ಚೌಧುರಿ, ಕೆ.ಜಿ. ಸುಬ್ರಮಣ್ಯನ್ ಬೋಧಕರಾಗಿ ಹೋದರು, ಬೆಂಗಳೂರಿನ ಎನ್. ಪುಷ್ಪಮಾಲಾ ಅವರಂಥ ಕಲಾವಿದರು ಆ ನಿಕಾಯದಲ್ಲಿ ಕಲಿತವರು. ಕರ್ನಾಟಕದೊಳಗೆ ನೋಡಿದರೆ, 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಮ್, 1980ರಲ್ಲಿ ಆರಂಭವಾದ ಅದರ ರಂಗಶಿಕ್ಷಣ ಕೇಂದ್ರ ಹಾಗೂ ಸಂಸ್ಕೃತಿ ಶಿಬಿರಗಳು ವಿಶ್ವವಿದ್ಯಾನಿಲಯದ ಹೊರಗೆ ಸಾಹಿತ್ಯಚರ್ಚೆಯನ್ನೂ ರಂಗಕ್ರಿಯೆಯನ್ನೂ ಒಂದೇ ಅಂಗಳಕ್ಕೆ ತಂದಿವೆ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಭಾಷೆ, ಸಮಾಜವಿಜ್ಞಾನಗಳ ಜೊತೆಗೆ ಲಲಿತಕಲೆಗೂ ನಿಕಾಯವನ್ನಿತ್ತಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಾಣನ ‘ಕಾದಂಬರಿ’ಯ ಅರವತ್ತನಾಲ್ಕು ಕಲೆಗಳನ್ನು ನೆನೆಯುತ್ತ ಬಹುಶಿಸ್ತೀಯ ಶಿಕ್ಷಣವನ್ನು ಪ್ರತಿಪಾದಿಸಿತು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿದ್ದ ಅದರ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು 2024ರಲ್ಲಿ ಕೈಬಿಡಲಾಯಿತು. ಪದವಿಯ ವರ್ಷಗಳನ್ನು ಹೆಚ್ಚಿಸುವ, ಕಡಿಮೆ ಮಾಡುವ ಈ ಚರ್ಚೆಯಲ್ಲಿ ಮರೆಯಾಗುವ ಅಂಶವನ್ನು ಶಾಂತಿನಿಕೇತನದ ಉದಾಹರಣೆ ಎತ್ತಿ ತೋರಿಸುತ್ತದೆ. ಇತಿಹಾಸದ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಚಿತ್ರಕಲೆಯ ಒಂದು ಪತ್ರಿಕೆಯನ್ನು ಸೇರಿಸಿದ ಮಾತ್ರಕ್ಕೆ ಎರಡು ವಿದ್ಯೆಗಳು ಕೂಡುವುದಿಲ್ಲ. ಅವೆರಡೂ ಕೂಡಿ ಮಾಡಲೇಬೇಕಾದ ಒಂದು ಕೆಲಸ, ಆ ಕೆಲಸವನ್ನು ಕಾಣುವ ನೆರೆಹೊರೆ, ಅದು ಮುಗಿಯುವವರೆಗೆ ಕಾಯುವ ಆಡಳಿತ ಬೇಕು. ಹಿಂದಿಭವನದ ಗೋಡೆ ಈ ಮೂರೂ ಒದಗಿದ್ದರಿಂದ ಉಂಟಾಯಿತು. ಈ ಮೂರನ್ನು ಪದವಿಯ ಭದ್ರತೆಯೊಂದಿಗೆ, ಸಂತಾಲ ಕುಟುಂಬದ ಮಗುವಿಗೂ ದಕ್ಕುವಂತೆ ಒದಗಿಸುವುದು ಹೇಗೆ ಎಂಬುದು ವಿಶ್ವಭಾರತಿ ಬಿಟ್ಟುಹೋದ ಪ್ರಶ್ನೆ. ಮಾನವಿಕ ಅಧ್ಯಯನದ ಭವಿಷ್ಯವನ್ನು ಕುರಿತು ಆಲೋಚಿಸುವ ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಉತ್ತರಿಸಬೇಕಾಗಿರುವುದು ಅದನ್ನೇ.